ಜೋಶಿಯೋ ವಿನಯ್ ಕುಮಾರೋ: ಕರ್ನಾಟಕ ರಣಜಿ ತಂಡದ ಮುಖ್ಯ ಬೌಲರ್‌ಗಳನ್ನು ಕಾಲಾಂತರದಲ್ಲಿ ಹೋಲಿಸುವ ಬಗ್ಗೆ ಒಂದು ಟಿಪ್ಪಣಿ

ನಮ್ಮ ಹಾವೇರಿ ಜಿಲ್ಲೆಯ ಸವಣೂರಿನ ಗಡಿ ದಾಟಿದರೆ ಗದಗ ಜಿಲ್ಲೆ. ಹಿರೇಕೆರೂರಿನಿಂದ ರಾಣೆಬೆನ್ನೂರು, ಹರಿಹರದ ದಾರಿ ಹಿಡಿದರೆ ದಾವಣಗೆರೆ. ಹೀಗಾಗಿ ಕರ್ನಾಟಕ ತಂಡಕ್ಕೆ ಆಡಿದ ದೊಡ್ಡ ಬೌಲರ್ ಯಾರು ಎಂಬ ಮಾತು ಬಂದಾಗ ಸವಣೂರಿನವರು ಗದುಗಿನ ಸುನಿಲ್ ಜೋಶಿಯ ಹೆಸರು ಹೇಳಿ, ಹಿರೇಕೆರೂರಿನವರು ದಾವಣಗೆರೆಯ ವಿನಯ್ ಕುಮಾರ್ ಎಂದರೆ ಅಚ್ಚರಿಯೇನಿಲ್ಲ. ಹಾನಗಲ್ಲು, ಶಿಗ್ಗಾವಿಯವರು ಯಾರ ಕಡೆಗಾದರೂ ವಾಲಬಹುದು. ಬೆಂಗಳೂರಿನವರು ಈ ಎರಡೂ ಹೆಸರು ಬಿಟ್ಟು ಪ್ರಸನ್ನ, ಚಂದ್ರಶೇಖರ್, ಕುಂಬ್ಳೆ ಎನ್ನುತ್ತಾರೆ. ಮೂರೂ ಕಡೆಯವರು ತಮ್ಮ ಪರವಾಗಿ ಅಂಕಿಗಳನ್ನೇ ಮುಂದಿಡುತ್ತಾರೆ. ಆ ಅಂಕಿಗಳು ಏನನ್ನು ಅಳೆಯುತ್ತವೆ, ಏನನ್ನು ಅಳೆಯುವುದಿಲ್ಲ ಎಂದು ಪರಿಶೀಲಿಸುವುದಷ್ಟೇ ಈ ಟಿಪ್ಪಣಿಯ ಉದ್ದೇಶ.

‘ನಮ್ಮ ಜಿಲ್ಲೆಯವನು’ ಎಂಬ ಅಭಿಮಾನದ ಮಾತನ್ನು ಮೊದಲೇ ಇತ್ಯರ್ಥ ಮಾಡಿಬಿಡಬಹುದು. ಹಾವೇರಿಯೂ ಗದಗವೂ ಪ್ರತ್ಯೇಕ ಜಿಲ್ಲೆಗಳಾದದ್ದು 1997ರಲ್ಲಿ. ಅಲ್ಲಿಯವರೆಗೆ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು, ಗದಗ ಎಲ್ಲವೂ ಅಖಂಡ ಧಾರವಾಡ ಜಿಲ್ಲೆಯವು. ಜೋಶಿಯ ಅತ್ಯುತ್ತಮ ಋತು 1995-96 ಆದ್ದರಿಂದ ಅಂದು ಆತ ಈ ನಾಲ್ಕೂ ತಾಲ್ಲೂಕುಗಳಿಗೆ ಅಕ್ಷರಶಃ ಸ್ವಂತ ಜಿಲ್ಲೆಯ ಹುಡುಗ. ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಇದರಿಂದ ಜೋಶಿಗೆ ಒಂದು ವಿಕೆಟ್ಟೂ ಹೆಚ್ಚು ಸಿಗುವುದಿಲ್ಲ, ಆದರೆ ಹಿಂದಿನ ತಲೆಮಾರಿನವರು ಅವರ ಹೆಸರನ್ನು ಅಷ್ಟು ಸಲಿಗೆಯಿಂದ ಹೇಳುವುದೇಕೆ ಎಂಬುದು ತಿಳಿಯುತ್ತದೆ.

‘ಒಂದೇ ತಂಡ’ ಎಂಬ ಮಾತೂ ಅಷ್ಟು ಸರಳವಲ್ಲ. 1934ರ ನವೆಂಬರ್‌ನಲ್ಲಿ ಚೆಪಾಕ್‌ನಲ್ಲಿ ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ಆಡಿದ್ದು ಮೈಸೂರು ತಂಡ. ಎದುರಾಳಿ ಮದ್ರಾಸ್. ಎ.ಜಿ. ರಾಮ್‌ಸಿಂಗ್ 11 ವಿಕೆಟ್ ಕಿತ್ತು ಆ ಪಂದ್ಯವನ್ನು ಒಂದೇ ದಿನದಲ್ಲಿ ಮುಗಿಸಿಬಿಟ್ಟರು. ಆಗ ಹಾನಗಲ್ಲು, ಹಿರೇಕೆರೂರು ಮುಂಬಯಿ ಪ್ರಾಂತದಲ್ಲಿದ್ದವು. ಸವಣೂರಿನಲ್ಲಿ ನವಾಬರ ಆಳ್ವಿಕೆಯಿತ್ತು. ಏಕೀಕರಣದ ಬಳಿಕವೂ ತಂಡ ‘ಮೈಸೂರು’ ಎಂಬ ಹೆಸರಲ್ಲೇ ಆಡಿತು. ರಾಜ್ಯದ ಹೆಸರು ಬದಲಾದ 1973-74ರ ಋತುವಿನಲ್ಲಿ ಅದು ಕರ್ನಾಟಕವಾಯಿತು, ಅದೇ ಋತುವಿನಲ್ಲಿ ಮೊದಲ ಸಲ ಟ್ರೋಫಿಯನ್ನೂ ಗೆದ್ದಿತು. ನಮ್ಮ ಕಡೆಯವರು ‘ನಮ್ಮ ತಂಡ’ ಎನ್ನುವುದಕ್ಕೆ ನಿಜವಾದ ಆಧಾರ ಸಿಕ್ಕಿದ್ದು ಅಲ್ಲಿಂದ ಎಂದಿಟ್ಟುಕೊಂಡು ಹೋಲಿಕೆಯನ್ನು ಆ ವರ್ಷದಿಂದಲೇ ಆರಂಭಿಸುತ್ತೇನೆ.

ಬೇರೆ ಬೇರೆ ಕಾಲದವರನ್ನು ಹೋಲಿಸುವ ಇಂಥ ವಾದ ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲೂ ಇದೆ. ಅಲ್ಲಿ ಚೆಂಡನ್ನು ಮೊದಲು ಕೈಗೆತ್ತಿಕೊಂಡು ಇಡೀ ದಾಳಿ ನಡೆಸುವವನು ಕ್ವಾರ್ಟರ್‌ಬ್ಯಾಕ್. ಒಂದೇ ಕಾಲೇಜಿಗೆ ಬೇರೆ ಬೇರೆ ದಶಕಗಳಲ್ಲಿ ಆಡಿದ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಯಾರು ಮೇಲು ಎಂದು ಅಲ್ಲಿಯವರೂ ಜಗಳಾಡುತ್ತಾರೆ. 1972ಕ್ಕೆ ಮೊದಲು ಮೊದಲ ವರ್ಷದ ವಿದ್ಯಾರ್ಥಿ ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಋತುವಿನ ಕೊನೆಯ ‘ಬೌಲ್’ ಪಂದ್ಯಗಳ ಅಂಕಿಗಳು 2002ರವರೆಗೆ ಅಧಿಕೃತ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಹಳಬರ ಒಟ್ಟು ಅಂಕಿ ಕಡಿಮೆ ಕಾಣುವುದಕ್ಕೆ ಅವರ ತೋಳಿನ ಶಕ್ತಿಗಿಂತ ಇಂಥ ನಿಯಮಗಳೇ ಎಷ್ಟೋ ಸಲ ಕಾರಣ. ರಣಜಿಯಲ್ಲಿ ಇದಕ್ಕೆ ಹತ್ತಿರದ ಸ್ಥಾನ, ದಿನವಿಡೀ ಒಂದು ತುದಿಯಿಂದ ಬೌಲ್ ಮಾಡಿ ಪಂದ್ಯದ ದಿಕ್ಕು ನಿರ್ಧರಿಸುವ ಮುಖ್ಯ ಬೌಲರ್‌ನದು. ಅಂಕಿಗಳು ದಾರಿ ತಪ್ಪಿಸುವ ಬಗೆ ಮಾತ್ರ ಇಲ್ಲಿ ಬೇರೆ.

ರಣಜಿ ಇತಿಹಾಸದಲ್ಲಿ ಹೆಚ್ಚು ವಿಕೆಟ್ ಪಡೆದವರ ಪಟ್ಟಿ ನೋಡಿ. ಮೊದಲ ಸ್ಥಾನ ಹರಿಯಾಣದ ಎಡಗೈ ಸ್ಪಿನ್ನರ್ ರಾಜಿಂದರ್ ಗೋಯಲ್‌ಗೆ. 600ಕ್ಕೂ ಹೆಚ್ಚು ವಿಕೆಟ್. ಇನ್ನೊಬ್ಬ ಎಡಗೈ ಸ್ಪಿನ್ನರ್ ಬಿಷನ್ ಸಿಂಗ್ ಬೇಡಿಯ ಕಾಲದಲ್ಲಿ ಹುಟ್ಟಿದ ತಪ್ಪಿಗೆ ಗೋಯಲ್ ಒಂದೂ ಟೆಸ್ಟ್ ಆಡಲಿಲ್ಲ. ಮೇಲಿನ ಸಾಲಿನಲ್ಲೇ ಜೋಶಿ 479, ವಿನಯ್ 442, ಬಿ.ಎಸ್. ಚಂದ್ರಶೇಖರ್ 437. ಟೆಸ್ಟ್‌ನಲ್ಲಿ 619 ವಿಕೆಟ್ ಪಡೆದ ಅನಿಲ್ ಕುಂಬ್ಳೆಯ ಹೆಸರು ಆ ಹತ್ತಿರದಲ್ಲೆಲ್ಲೂ ಇಲ್ಲ. ಕರ್ನಾಟಕಕ್ಕೆ ಕುಂಬ್ಳೆ ಇವರೆಲ್ಲರಿಗಿಂತ ಕಡಿಮೆ ಎಂದು ಯಾರೂ ಹೇಳಲಾರರು. ಅವರು ಭಾರತ ತಂಡದಲ್ಲಿದ್ದರು, ಅಷ್ಟೇ. ರಣಜಿಯ ಒಟ್ಟು ವಿಕೆಟ್‌ಗಳು ಒಬ್ಬ ಬೌಲರ್‌ನ ಸಾಮರ್ಥ್ಯವನ್ನು ಎಷ್ಟು ಹೇಳುತ್ತವೆಯೋ ರಾಷ್ಟ್ರೀಯ ಆಯ್ಕೆಗಾರರು ಆತನನ್ನು ಎಷ್ಟು ಕಾಲ ಮನೆಯಲ್ಲೇ ಬಿಟ್ಟರು ಎಂಬುದನ್ನೂ ಅಷ್ಟೇ ಹೇಳುತ್ತವೆ. ಈ ಪಟ್ಟಿ ಹಿಡಿದು ವಾದ ಮಾಡುವವರು ಮರೆಯುವುದು ಇದನ್ನೇ. ವಿನಯ್ ಅವರ 442ರಲ್ಲಿ ಇನ್ನೊಂದು ತೊಡಕೂ ಇದೆ: 2019-20ರಲ್ಲಿ ಅವರು ಆಡಿದ್ದು ಪುದುಚೇರಿಗೆ, ಅದೂ ಪ್ಲೇಟ್ ಗುಂಪಿನಲ್ಲಿ. ಆ ಪಾಲನ್ನು ಕರ್ನಾಟಕದ ಲೆಕ್ಕಕ್ಕೆ ಬರೆಯುವಂತಿಲ್ಲ.

ಆದ್ದರಿಂದ ಒಟ್ಟು ಮೊತ್ತ ಬಿಟ್ಟು ಒಂದೊಂದು ಸಂದರ್ಭವನ್ನು ನೋಡಬೇಕು. ಇನ್ನೊಂದು ತುದಿಯಲ್ಲಿ ಯಾರಿದ್ದರು? ಎದುರಾಳಿ ಯಾರು? ಅಂದು ತಂಡಕ್ಕೆ ಬೇಕಾಗಿದ್ದುದೇನು?

1973-74ರ ಸೆಮಿಫೈನಲ್‌ನಲ್ಲಿ ಮುಂಬೈ ಎದುರಾಳಿ. 1958-59ರಿಂದ ಸತತ 15 ವರ್ಷ ಟ್ರೋಫಿಯನ್ನು ಯಾರಿಗೂ ಬಿಟ್ಟುಕೊಡದ ತಂಡವದು. ನಾಯಕ ಎರ‍್ರಪಳ್ಳಿ ಪ್ರಸನ್ನ ಗಾವಸ್ಕರ್‌ರನ್ನು ಬೌಲ್ಡ್ ಮಾಡಿದ ಎಸೆತದ ಬಗ್ಗೆ ಅಂದು ಬೆಂಗಳೂರಿನಲ್ಲಿ ಪಂದ್ಯ ನೋಡಿದವರು ಇಂದಿಗೂ ಮಾತಾಡುತ್ತಾರೆ. ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ಕರ್ನಾಟಕ ಫೈನಲ್ ತಲುಪಿತು, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿತು. ಆದರೆ ಪ್ರಸನ್ನರ ಎದುರು ತುದಿಯಲ್ಲಿದ್ದವರು ಚಂದ್ರಶೇಖರ್. ಸ್ಕೋರ್‌ಕಾರ್ಡ್‌ನಲ್ಲಿ ವಿಕೆಟ್ ಒಬ್ಬರ ಹೆಸರಿಗೆ ಬೀಳುತ್ತದೆ, ಒತ್ತಡ ಹಾಕಿದವರು ಇಬ್ಬರೂ. ಚಂದ್ರರ ವೇಗದ ಗೂಗ್ಲಿಗೆ ಹೆದರಿ ಪ್ರಸನ್ನರ ಕಡೆ ರನ್ ಹುಡುಕಲು ಹೋಗಿ ಔಟಾದ ಬ್ಯಾಟ್ಸ್‌ಮನ್‌ನ ವಿಕೆಟ್ ಯಾರದು? ಇವರಿಬ್ಬರನ್ನು ಬಿಡಿಸಿ ಒಬ್ಬೊಬ್ಬರನ್ನೇ ಮುಂದಿನವರ ಜತೆ ತೂಗುವುದು ನನಗೆ ಸರಿ ಕಾಣುವುದಿಲ್ಲ.

ರಘುರಾಮ್ ಭಟ್ ಅವರ ಕತೆ ಬೇರೆ. ಪುತ್ತೂರಿನಲ್ಲಿ ಹುಟ್ಟಿದ ಈ ಎಡಗೈ ಸ್ಪಿನ್ನರ್ ಟೆಸ್ಟ್ ಆಡಿದ್ದು 1983ರಲ್ಲಿ ಎರಡೇ ಎರಡು, ವಿಕೆಟ್ ನಾಲ್ಕು. ದೋಶಿ, ಶಾಸ್ತ್ರಿ, ಮಣಿಂದರ್ ಹೀಗೆ ದೇಶದಲ್ಲಿ ಎಡಗೈ ಸ್ಪಿನ್ನರ್‌ಗಳ ಸಾಲೇ ನಿಂತಿದ್ದ ಕಾಲ. ಬರೀ ಟೆಸ್ಟ್ ಅಂಕಿ ನೋಡುವವರಿಗೆ ಅವರು ಕಣ್ಣಿಗೇ ಬೀಳುವುದಿಲ್ಲ. ಆದರೆ 1981-82ರಲ್ಲಿ ಬೆಂಗಳೂರಿನಲ್ಲಿ ನಡೆದ ಮುಂಬೈ ವಿರುದ್ಧದ ಸೆಮಿಫೈನಲ್ ನೋಡಿ. ಮೊದಲ ಇನಿಂಗ್ಸ್‌ನಲ್ಲಿ ಭಟ್ 123 ರನ್‌ಗೆ 8 ವಿಕೆಟ್ ಪಡೆದರು. ಗುಲಾಂ ಪಾರ್ಕರ್, ಅಶೋಕ್ ಮಂಕಡ್, ಸುರು ನಾಯಕ್ ಅವರನ್ನು ಔಟ್ ಮಾಡಿದ ಹ್ಯಾಟ್ರಿಕ್ ಅದರಲ್ಲಿ ಸೇರಿದೆ. ಎರಡನೇ ಇನಿಂಗ್ಸ್‌ನಲ್ಲಿ ಗಾವಸ್ಕರ್ ತಡವಾಗಿ ಕ್ರೀಸಿಗೆ ಬಂದು ಭಟ್ ಎದುರು ಎಡಗೈ ಬ್ಯಾಟ್ಸ್‌ಮನ್‌ನಂತೆ ನಿಂತರು.

ಅದು ತಮಾಷೆಗೆ ಮಾಡಿದ್ದಲ್ಲ. ಪಿಚ್ ಪುಡಿಯಾಗಿತ್ತು. ಎಡಗೈ ಸ್ಪಿನ್ನರ್‌ನ ಚೆಂಡು ಬಲಗೈ ಬ್ಯಾಟ್ಸ್‌ಮನ್‌ಗೆ ಲೆಗ್ ಕಡೆಯಿಂದ ಆಫ್ ಕಡೆಗೆ, ಅಂದರೆ ಬ್ಯಾಟಿನ ಅಂಚನ್ನು ಹುಡುಕಿಕೊಂಡು ಹೊರಕ್ಕೆ ತಿರುಗುತ್ತದೆ. ಹಿಂದೆ ಕೀಪರ್, ಪಕ್ಕದಲ್ಲಿ ಸ್ಲಿಪ್ ಕಾದಿರುತ್ತಾರೆ. ಅದೇ ಚೆಂಡು ಎಡಗೈಯವನಿಗೆ ಒಳಕ್ಕೆ ಬರುತ್ತದೆ; ಕಾಲು ಚಾಚಿ ಪ್ಯಾಡಿನಲ್ಲಿ ತಡೆಯಬಹುದು, ಅಂಚಿಗೆ ತಾಗುವ ಭಯ ಕಡಿಮೆ. ವಿಶ್ವದ ಶ್ರೇಷ್ಠ ಆರಂಭಿಕ ಆಟಗಾರ ತನ್ನ ಜೀವಮಾನದ ನಿಲುವನ್ನೇ ಬಿಟ್ಟು ಎದುರು ಬದಿಗೆ ತಿರುಗಿ ನಿಂತ ಎಂದರೆ ಆ ದಿನ ಆ ಬೌಲರ್ ಯಾವ ಮಟ್ಟದಲ್ಲಿದ್ದ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಯಾವ ಅಂಕಣದಲ್ಲೂ ದಾಖಲಾಗದ ಈ ಒಂದು ಸಂಗತಿ ನನಗೆ 50 ವಿಕೆಟ್‌ಗಿಂತ ಹೆಚ್ಚು ಹೇಳುತ್ತದೆ. ಅದೇ ಋತುವಿನ ಫೈನಲ್‌ನಲ್ಲಿ ಕರ್ನಾಟಕ 705 ರನ್ ಗಳಿಸಿಯೂ, ದೆಹಲಿ 8 ವಿಕೆಟ್‌ಗೆ 707 ಗಳಿಸಿ ಟ್ರೋಫಿ ಒಯ್ದದ್ದು ಬೇರೆ ಮಾತು. ಅಂಥ ಪಿಚ್‌ನಲ್ಲಿ ಬೌಲ್ ಮಾಡಿದವರ ಸರಾಸರಿಯನ್ನು ಇನ್ನೊಂದು ಕಾಲದವರ ಸರಾಸರಿಯ ಪಕ್ಕದಲ್ಲಿಟ್ಟು ನೋಡುವುದರಲ್ಲಿ ನ್ಯಾಯವಿಲ್ಲ. ಮರುವರ್ಷ, 1982-83ರಲ್ಲಿ, ಕರ್ನಾಟಕ ಮತ್ತೆ ಚಾಂಪಿಯನ್ ಆಯಿತು.

ಇನ್ನು ಜೋಶಿ. ಶಾಲಾ ದಿನಗಳಲ್ಲಿ ಬೆಳಗಿನ ಜಾವ ಗದಗದಿಂದ ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ವಾಪಸಾಗುತ್ತಿದ್ದರು ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ.   1995-96ರಲ್ಲಿ ಜೋಶಿ 52 ವಿಕೆಟ್ ಪಡೆದು 529 ರನ್ ಗಳಿಸಿದರು. ಒಂದೇ ರಣಜಿ ಋತುವಿನಲ್ಲಿ 500 ರನ್, 50 ವಿಕೆಟ್ ಎರಡನ್ನೂ ದಾಟುವುದು ಅಪರೂಪದಲ್ಲೇ ಅಪರೂಪ. ಕರ್ನಾಟಕ ಫೈನಲ್‌ನಲ್ಲಿ ತಮಿಳುನಾಡನ್ನು ಮಣಿಸಿ ಟ್ರೋಫಿ ಗೆದ್ದಿತು. 1996ರ ಬೇಸಿಗೆಯಲ್ಲಿ ಜೋಶಿಗೆ ಇಂಗ್ಲೆಂಡ್ ಪ್ರವಾಸದ ಕರೆ ಬಂತು. ಆ ಋತುವಿನ ನಡುವೆಯೇ ವಿಶ್ವಕಪ್ ನಡೆಯಿತು, ಕುಂಬ್ಳೆ 15 ವಿಕೆಟ್ ಪಡೆದು ಆ ಟೂರ್ನಿಯ ಅತಿ ಯಶಸ್ವಿ ಬೌಲರ್ ಆದರು. ಕುಂಬ್ಳೆ ಭಾರತದ ಪರ ಆಡುತ್ತಿದ್ದ ದಿನಗಳಲ್ಲಿ ರಾಜ್ಯದ ಸ್ಪಿನ್ ಭಾರ ಬಿದ್ದದ್ದು ಜೋಶಿಯ ಹೆಗಲಿಗೆ. ವಿಕೆಟ್ ಹೆಚ್ಚಲು ಅದೂ ಒಂದು ಕಾರಣ ಎನ್ನುವವರಿಗೆ ಹೌದು ಎನ್ನುತ್ತೇನೆ. ಆದರೆ 529 ರನ್‌ಗೆ ಆ ಕಾರಣ ಅನ್ವಯಿಸುವುದಿಲ್ಲ.

ಜೋಶಿಯ ವಿರುದ್ಧ ಹೇಳಬಹುದಾದ ಗಟ್ಟಿ ಮಾತು ಒಂದಿದೆ. ಅಂದು ಲೀಗ್ ಹಂತ ವಲಯವಾರು ನಡೆಯುತ್ತಿತ್ತು. ದಕ್ಷಿಣ ವಲಯದಲ್ಲಿ ತಮಿಳುನಾಡು, ಹೈದರಾಬಾದ್ ಜತೆಗೆ ಆಗಿನ್ನೂ ಅಷ್ಟು ಬಲಿಯದ ಗೋವಾ, ಕೇರಳ, ಆಂಧ್ರ ತಂಡಗಳೂ ಇದ್ದವು. ವಿನಯ್ ಕಾಲಕ್ಕೆ ಆ ಪದ್ಧತಿ ಹೋಗಿ ಒಂಬತ್ತು ತಂಡಗಳ ಮೂರು ಗುಂಪುಗಳಾಗಿದ್ದವು. ಪ್ರತಿ ತಂಡಕ್ಕೆ ಎಂಟು ಲೀಗ್ ಪಂದ್ಯ, ಎದುರಾಳಿಗಳು ದೇಶದ ಮೂಲೆಮೂಲೆಯವರು. ಹಿರೇಕೆರೂರಿನವರ ವಾದಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ಇಲ್ಲ. ಆದರೆ ಅವರು ಸಾಮಾನ್ಯವಾಗಿ ಇದನ್ನು ಬಿಟ್ಟು 442 ಎಂದೇ ಕೂಗುತ್ತಾರೆ.

ನೆನಪು ಇನ್ನೊಂದು ಕಲಬೆರಕೆ ಮಾಡುತ್ತದೆ. ಜೋಶಿ ಎಂದ ಕೂಡಲೇ ಜನ ಹೇಳುವುದು 1999ರ ಸೆಪ್ಟೆಂಬರ್‌ನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧದ ಲೆಕ್ಕ: 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಅಥವಾ 2000ದಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಚೊಚ್ಚಲ ಟೆಸ್ಟ್‌ನಲ್ಲಿ ಮೊದಲ ಇನಿಂಗ್ಸ್‌ನ 5 ವಿಕೆಟ್ ಜತೆ ಗಳಿಸಿದ 92 ರನ್. ವಿನಯ್ ಎಂದರೆ 2012ರ ಪರ್ತ್ ಟೆಸ್ಟ್‌ನಲ್ಲಿ ವಾರ್ನರ್ 180 ಬಾರಿಸಿದ ದಿನ. ಅವರ ಏಕೈಕ ಟೆಸ್ಟ್ ಅದೇ. ದಕ್ಕಿದ್ದು ಒಂದು ವಿಕೆಟ್. ಈ ಮೂರೂ ಭಾರತ ತಂಡದ ದಾಖಲೆಗಳು. ಕರ್ನಾಟಕದ ಹೋಲಿಕೆಯಲ್ಲಿ ಜೋಶಿಗೆ ನೈರೋಬಿ ಲಾಭವಾಗಬಾರದು, ವಿನಯ್‌ಗೆ ಪರ್ತ್ ನಷ್ಟವಾಗಬಾರದು.

ವಿನಯ್‌ರನ್ನು ಅಳೆಯಲು ವಾಂಖೆಡೆಗೆ ಹೋಗಬೇಕು. 2014-15ರ ಫೈನಲ್, ಎದುರಾಳಿ ತಮಿಳುನಾಡು. ಹೊಸ ಚೆಂಡಿನಲ್ಲಿ ನಾಯಕ ವಿನಯ್ 34 ರನ್‌ಗೆ 5 ವಿಕೆಟ್ ಪಡೆದು ಎದುರಾಳಿಯನ್ನು 134ಕ್ಕೆ ಮುಗಿಸಿದರು. ಆಮೇಲೆ ಕೆಳಕ್ರಮಾಂಕದಲ್ಲಿ ಬಂದು ಔಟಾಗದೆ 105. ಕರುಣ್ ನಾಯರ್ 328 ಬಾರಿಸಿದ ಆ ಇನಿಂಗ್ಸ್‌ನಲ್ಲಿ ಮೊತ್ತ 762ಕ್ಕೆ ಏರಿತು; ಗೆಲುವು ಇನಿಂಗ್ಸ್ ಮತ್ತು 217 ರನ್‌ಗಳದು. ಹಿಂದಿನ ಋತುವಿನಲ್ಲೂ ಅವರ ನಾಯಕತ್ವದಲ್ಲೇ ಟ್ರೋಫಿ ಬಂದಿತ್ತು, ಹೈದರಾಬಾದ್‌ನಲ್ಲಿ ಮಹಾರಾಷ್ಟ್ರದ ಎದುರು. ಎರಡೂ ಋತುಗಳಲ್ಲಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಗೆದ್ದ ತಂಡವದು. 2017ರ ಡಿಸೆಂಬರ್‌ನಲ್ಲಿ ನಾಗಪುರದ ಕ್ವಾರ್ಟರ್‌ಫೈನಲ್‌ನಲ್ಲಿ ಮುಂಬೈ ವಿರುದ್ಧ ಹ್ಯಾಟ್ರಿಕ್ ಸಹಿತ 34ಕ್ಕೆ 6. ಸ್ಪಿನ್ನರ್‌ಗಳಿಗೇ ಹೆಸರಾದ ತಂಡದಲ್ಲಿ ವಿಪರೀತ ವೇಗವೇನೂ ಇಲ್ಲದ ಬೌಲರ್ ಇಷ್ಟೆಲ್ಲ ಮಾಡಿದ್ದು ಲೈನು, ಲೆಂಗ್ತು, ಸ್ವಿಂಗ್ ಈ ಮೂರರಿಂದಲೇ. ವೇಗದ ಬೌಲರ್‌ಗಳಾದ ಮಿಥುನ್, ಅರವಿಂದ್ ಜತೆಗಿದ್ದರು ಎಂಬುದನ್ನೂ ಸೇರಿಸಬೇಕು. ಇಲ್ಲವಾದರೆ ಪ್ರಸನ್ನ, ಚಂದ್ರರಿಗೆ ಹಾಕಿದ ನಿಯಮ ಇಲ್ಲಿ ತಪ್ಪಿದಂತಾಗುತ್ತದೆ.

ಇಷ್ಟು ನೋಡಿದ ಮೇಲೆ ಒಂದು ನಿಲುವು ಹೇಳದಿದ್ದರೆ ಓದುಗರು ಒಪ್ಪಲಿಕ್ಕಿಲ್ಲ. ಒಂದು ಪಂದ್ಯ ಎಂದರೆ ವಾಂಖೆಡೆಯ ವಿನಯ್. ಎದುರಾಳಿಯ ಮನಸ್ಸಿನಲ್ಲಿ ಹುಟ್ಟಿಸಿದ ಭಯ ಎಂದರೆ ಭಟ್. ಇಡೀ ಋತು ತಂಡವನ್ನು ಎರಡೂ ಕೈಯಲ್ಲಿ ಹೊತ್ತವರು ಯಾರು ಎಂದರೆ, ವಲಯದ ಆಕ್ಷೇಪವನ್ನು ಒಪ್ಪಿಕೊಂಡೂ, 1995-96ರ ಜೋಶಿ. ಕುಂಬ್ಳೆಯನ್ನು ನಾನು ಈ ಸಾಲಿನಲ್ಲಿ ಸೇರಿಸಿಲ್ಲ, ಭಾರತಕ್ಕೆ ಆಡುತ್ತಾ ಉಳಿದ ದಿನಗಳಲ್ಲಿ ರಾಜ್ಯಕ್ಕೆ ಸಿಕ್ಕ ಬೌಲರ್‌ನನ್ನು ಪೂರ್ತಿ ಋತು ಆಡಿದವರ ಜತೆ ತೂಗುವ ಅಳತೆ ಈ ಟಿಪ್ಪಣಿಯಲ್ಲಿಲ್ಲ.

ಸವಣೂರು, ಹಿರೇಕೆರೂರಿನ ವಾದ ಒಂದು ಹೆಜ್ಜೆ ಮುಂದೆ ಹೋಗಬೇಕಾದರೆ ವಿಕೆಟ್ ಅಂಕಣ ಬಿಟ್ಟು ಓವರ್ ಅಂಕಣಕ್ಕೆ ಬರಬೇಕು. ಪ್ರತಿ ನಾಕೌಟ್ ಪಂದ್ಯದಲ್ಲಿ ಕರ್ನಾಟಕ ಹಾಕಿದ ಒಟ್ಟು ಓವರ್‌ಗಳಲ್ಲಿ ಜೋಶಿ, ವಿನಯ್ ಹಾಕಿದ ಪಾಲೆಷ್ಟು, ಅಂದು ತಂಡದಲ್ಲಿ ಎಷ್ಟು ಮಂದಿ ಟೆಸ್ಟ್ ಆಟಗಾರರಿದ್ದರು, ಔಟ್ ಮಾಡಿದ್ದು ಮೊದಲ ಆರು ಬ್ಯಾಟ್ಸ್‌ಮನ್‌ಗಳನ್ನೋ ಬಾಲವನ್ನೋ. ಹಳೆಯ ಸ್ಕೋರ್‌ಕಾರ್ಡ್‌ಗಳಲ್ಲಿ ಈ ಮೂರೂ ಸಿಗುತ್ತವೆ, ಕೂತು ಲೆಕ್ಕ ಹಾಕಬೇಕು.