ಜೀಪಿನ ಜೀರ್ಣೋದ್ಧಾರ

ನಾಗರಖಂಡದ ಮುಖ್ಯಪಟ್ಟಣವಾಗಿದ್ದು, ಹತ್ತನೆಯ ಶತಮಾನದಲ್ಲಿ ಜಕ್ಕಿಯಬ್ಬೆಯಂಥ ಸ್ತ್ರೀಯ ಆಳ್ವಿಕೆಯನ್ನೂ ಕಂಡ ಬಂದಳಿಕೆಯ ಸುತ್ತಣ ಸೀಮೆಯಲ್ಲಿ, ದಾನಶಾಸನಗಳು ದೇವರ ಅಂಗಭೋಗ, ತಪಸ್ವಿಗಳ ಆಹಾರದಾನಗಳೊಡನೆ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೂ ಭೂಮಿಯನ್ನು ಬಿಟ್ಟುದನ್ನು ಹೇಳುತ್ತವೆ. ಕಟ್ಟಿಸುವಾಗಲೇ ಮುಂದಣ ದುರಸ್ತಿಯ ವೆಚ್ಚವನ್ನು ಗಣಿಸುವ ವಿವೇಕ ಅದು. ಇದೇ ಸೀಮೆಯ ಕೆಮ್ಮಣ್ಣಿನ ಹಾದಿಗಳಲ್ಲಿ ಅಡಕೆಯ ಮೂಟೆಗಳನ್ನೂ ಮದುವೆಯ ದಿಬ್ಬಣಗಳನ್ನೂ ಹೊತ್ತ ಜೀಪುಗಳ ಒಡೆಯರಿಗೆ ಅಂತಹ ದತ್ತಿ ಯಾವುದೂ ಇರಲಿಲ್ಲ. ಅವರ ಜೀರ್ಣೋದ್ಧಾರವೆಲ್ಲ ಕೈಗಡದಲ್ಲಿ ನಡೆಯಬೇಕಾಗಿತ್ತು.

ಈ ಸೀಮೆಯ ಶಿಕಾರಿಪುರ ಸೊರಬಗಳಿಗೆ ರೈಲು ಬಾರದಿದ್ದುದರಿಂದ ಮೋಟಾರನ್ನು ಹೇಗಾದರೂ ಓಡಿಸಲೇಬೇಕೆಂಬ ಹಟ ಇಲ್ಲಿ ಸಹಜವಾಗಿಯೇ ಬೆಳೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ, ಮೈಸೂರು ಸೀಮೆಯ ಬಸ್ಸುಗಳ ಹಿಂದೆ ಇದ್ದಿಲಿನ ಒಲೆಯನ್ನು ಕಟ್ಟಿ, ಅದರ ಅನಿಲವನ್ನೇ ಎಂಜಿನ್ನಿಗೆ ಉಣಿಸಿದರು. ಭದ್ರಾವತಿಯಲ್ಲಿ 1923ರಿಂದ ಕಬ್ಬಿಣವನ್ನೇ ಇದ್ದಿಲಿನಿಂದ ಕರಗಿಸುತ್ತಿದ್ದ ಜಿಲ್ಲೆಗೆ ಇದೇನೂ ಸೋಜಿಗವೆನಿಸಿರಲಾರದು. ಆದರೆ ಆ ಅನಿಲದಲ್ಲಿ ಶಕ್ತಿ ಕಡಿಮೆ. ಏರುದಾರಿ ಬಂದರೆ ಪ್ರಯಾಣಿಕರು ಇಳಿದು ನೂಕುವುದು ಟಿಕೀಟಿನ ಭಾಗವೇ ಆಗಿತ್ತು.

ಯುದ್ಧ ಮುಗಿದ ಮೇಲೆ ಸೇನೆಯಿಂದ ಹರಾಜಾದ ವಿಲ್ಲಿಸ್ ಜೀಪುಗಳೂ, ತರುವಾಯ ಮಹೀಂದ್ರ ಸಂಸ್ಥೆಯವರು ಮುಂಬಯಿಯಲ್ಲಿ ಜೋಡಿಸಿದವೂ ಮಲೆನಾಡನ್ನು ಸೇರಿದವು. ಅವುಗಳ 2.2 ಲೀಟರಿನ ಪೆಟ್ರೋಲ್ ಎಂಜಿನ್ ಗಟ್ಟಿಮುಟ್ಟಾದುದೇ, ಆದರೆ ಬಾಯಾರಿಕೆ ಹೆಚ್ಚು. ಅತ್ತ 1950ರ ದಶಕದ ನಡುವೆ ಜನರಲ್ ಮೋಟರ್ಸ್ ಮೊದಲಾದ ವಿದೇಶೀ ಸಂಸ್ಥೆಗಳು ಈ ದೇಶದಲ್ಲಿ ಜೋಡಣೆಯನ್ನು ನಿಲ್ಲಿಸಿದುದರಿಂದ, ಟ್ಯಾಕ್ಸಿಯಾಗಿ ದುಡಿಯುತ್ತಿದ್ದ ಷೆವ್ರೊಲೆಗಳಿಗೆ ಬಿಡಿಭಾಗಗಳು ದುರ್ಲಭವಾದವು. ಅದೇ ದಶಕದಲ್ಲಿ ಮದರಾಸಿನ ಸಿಂಪ್ಸನ್ ಸಂಸ್ಥೆಯು ಪರ್ಕಿನ್ಸ್ ಡೀಸೆಲ್ ಎಂಜಿನ್ನುಗಳನ್ನು ತಯಾರಿಸತೊಡಗಿತು. 1973ರ ಅಂತ್ಯದಲ್ಲಿ ತೈಲದ ಬೆಲೆ ಏರಿದಾಗ, ಹಳೆಯ ಕಾರಿನ ಒಡಲಿಗೆ ಡೀಸೆಲಿನ ಹೃದಯವನ್ನಿಡುವ ವಿದ್ಯೆ ವರ್ಕ್‌ಶಾಪುಗಳಿಗೆ ಅನ್ನದ ದಾರಿಯಾಯಿತು. ಕಾರ್ಖಾನೆಯೂ ಅದೇ ಹಾದಿಯನ್ನು ಹಿಡಿಯಿತು: ಮಹೀಂದ್ರರು ಬಿ-275 ಟ್ರಾಕ್ಟರಿನ ವಂಶದ ಎಂಜಿನ್ನನ್ನೂ, ಫ್ರಾನ್ಸಿನ ಪ್ಯೂಜೊ ಸಂಸ್ಥೆಯ 2112 ಸಿಸಿ ಡೀಸೆಲನ್ನೂ ಜೀಪಿಗೆ ಕೂಡಿಸಿದರು. ಅಮೆರಿಕದ ತರುಣರು ಹಳೆಯ ಕಾರಿಗೆ 7.4 ಲೀಟರಿನ ಷೆವ್ರೊಲೆ ಎಂಜಿನ್ನನ್ನು ತುರುಕುವುದು ವೇಗದ ಮೋಹದಿಂದ. ನಮ್ಮಲ್ಲಿ ಡೀಸೆಲ್ ಎಂಜಿನ್ ಬಂದುದು ಜಿಪುಣತನದಿಂದ. ಈ ಜಿಪುಣತನದ ಬಗ್ಗೆ ನನಗೆ ಗೌರವವೇ ಇದೆ.

ಎಂಜಿನ್ ಬದಲಿಸುವ ಲೆಕ್ಕಾಚಾರದಲ್ಲಿ ಅನನುಭವಿಗಳು ಎಡವುತ್ತಿದ್ದುದು ಒಂದೇ ಕಡೆ: ಗುಜರಿಯಲ್ಲಿ ಎಂಜಿನ್ ಅಗ್ಗವಾಗಿ ದೊರೆತರೆ ಕೆಲಸ ಮುಗಿಯಿತೆಂದು ತಿಳಿಯುತ್ತಿದ್ದರು. ವೆಚ್ಚವೆಲ್ಲ ಅದರ ಸುತ್ತಲೇ ಇತ್ತು. ಹಳೆಯ ಗೇರ್‌ಬಾಕ್ಸಿನ ಮುಖಕ್ಕೂ ಹೊಸ ಎಂಜಿನ್ನಿನ ಬೆನ್ನಿಗೂ ನಡುವೆ ದಪ್ಪ ಉಕ್ಕಿನ ತಗಡನ್ನು ಲೇತಿನಲ್ಲಿ ಕೊರೆಸಬೇಕು, ಅದು ಕೂದಲೆಳೆಯಷ್ಟು ಓರೆಯಾದರೂ ಕ್ಲಚ್ಚು ಬೇಗ ಸವೆಯುತ್ತದೆ. ಮೌಂಟಿಂಗುಗಳನ್ನು ಹೊಸದಾಗಿ ಬೆಸೆಯಿಸಬೇಕು. ಕೆಳಗಿನ ಎಣ್ಣೆಯ ಸಂಪು ಮುಂದಿನ ಆಕ್ಸೆಲಿಗೆ ತಾಗದಂತೆ ಕತ್ತರಿಸಬೇಕು. ಡೀಸೆಲಿನ ಭಾರಕ್ಕೆ ಸ್ಪ್ರಿಂಗಿನ ಪ್ಲೇಟುಗಳನ್ನು ಹೆಚ್ಚಿಸಬೇಕು. ಯುದ್ಧಕಾಲದ ಜೀಪಿನ 6 ವೋಲ್ಟಿನ ತಂತಿಜಾಲವನ್ನೆಲ್ಲ ಕಿತ್ತು 12 ವೋಲ್ಟಿನದನ್ನು ಎಳೆಯಬೇಕು. ಇಷ್ಟಾದ ಮೇಲೂ ಡೀಸೆಲು ಪೆಟ್ರೋಲಿನಷ್ಟು ವೇಗವಾಗಿ ತಿರುಗದಾದ್ದರಿಂದ, ಡಿಫರೆನ್ಷಿಯಲಿನ ಹಲ್ಲುಗಳ ಅನುಪಾತವನ್ನು ಬದಲಿಸದಿದ್ದರೆ ಗಾಡಿಯು ಸಮತಟ್ಟಿನಲ್ಲಿಯೂ ಕಿರುಚುತ್ತ ತೆವಳುತ್ತಿತ್ತು. ಬ್ರೇಕಿನ ಮಾತನ್ನು ಮಾತ್ರ ಬಹುಮಂದಿ ಮುಂದಿನ ಅಡಕೆಯ ಸುಗ್ಗಿಗೆ ದೂಡುತ್ತಿದ್ದರು. ಇದು ಮಿತವ್ಯಯವಲ್ಲ, ಮೂರ್ಖತನ.

ಕಡೆಯ ಬಾಬು ಸರಕಾರದ್ದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಮೂಲರೂಪವನ್ನು ಬದಲಿಸುವುದಕ್ಕೆ ಕಟ್ಟು ಹಾಕಿದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ತಯಾರಕರ ವಿವರಗಳಿಗೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ತೀರ್ಪಿತ್ತಿತು. ಎಂಜಿನ್ನಿನ ಸಂಖ್ಯೆ ಆರ್‌ಸಿ ಪುಸ್ತಕದಲ್ಲಿ ಸೇರದ ಜೀಪನ್ನು ಕೊಳ್ಳುವವರಿಲ್ಲ. ಈಗಲೋ ಹಳೆಯ ವಿಲ್ಲಿಸ್ ಜೀಪುಗಳ ಅಭಿಮಾನಿಗಳು, ಅಂದು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದ ಮೂಲ ಪೆಟ್ರೋಲ್ ಎಂಜಿನ್ನುಗಳನ್ನೇ ಊರೂರು ಅರಸಿ, ಡೀಸೆಲನ್ನು ಇಳಿಸಿ ಅವನ್ನು ಮತ್ತೆ ಕೂರಿಸುತ್ತಿದ್ದಾರೆ.