ನಿಂದು ನೋಡಿದ ಮದ್ದು

ಮಾವ° ತೀರಿಹೋದ ವರ್ಷ ಎಂಗಳ ತೋಟಲ್ಲಿ ನಳ್ಳಿ ಉದುರಿದ್ದು ಎನಗೆ ಈಗಳೂ ಕಣ್ಣಿಂಗೆ ಕಟ್ಟಿದ ಹಾಂಗೆ ಇದ್ದು. ಆಟಿ ತಿಂಗಳಿಲಿ ಒಂದು ಉದಿಯಪ್ಪಗ ದನಕ್ಕೆ ಹುಲ್ಲು ತಪ್ಪಲೆ ಹೋದರೆ, ಮರದ ಬುಡಲ್ಲಿ ಪೂರಾ ಹಸಿ ಅಡಕ್ಕೆ. ಹೆರ್ಕಿ ನೋಡಿರೆ ತೊಟ್ಟಿನ ಹತ್ತರೆ ನೀರು ಹಿಡುದ ಹಾಂಗೆ ಕಲೆ, ಮೇಲಂದ ಬೆಳಿ ಬೂಸರು. ಕೊಳೆರೋಗ. ಆ ವರ್ಷ ಅರ್ಧ ಬೆಳೆ ಹಾಂಗೇ ಹೋತು.

ಮದ್ದು ಬಿಟ್ಟಿದಿಲ್ಲೆ ಹೇಳಿ ಅಲ್ಲ, ಬಿಟ್ಟಿದೆಯೊ°. ಎರಡ್ನೇ ಸರ್ತಿ ಬಿಡೆಕ್ಕಾದ ಹೊತ್ತು ತಪ್ಪಿತ್ತು, ಅಷ್ಟೆ. ಮಾವ° ಇಪ್ಪಗ ಆ ಲೆಕ್ಕ ಅವರದ್ದು. ಹೊತ್ತೋಪಗ ಜೆಗಿಲಿಲಿ ಕೂದೊಂಡು ಪಡು ಹೊಡೆಯ ಆಕಾಶ ನೋಡಿಗೊಂಡಿತ್ತಿದ್ದವು. 'ಕೆಲಸ ಮುಗುದತ್ತು, ಸುಮ್ಮನೆ ಕೂಯಿದವು' ಹೇಳಿ ಆನು ಒಲೆ ಬುಡಲ್ಲಿ ಗ್ರೇಶಿಗೊಂಡಿತ್ತಿದ್ದೆ. ಹಾಂಗೆ ಕೂಪದೇ ಒಂದು ಕೆಲಸ ಹೇಳಿ ಗೊಂತಾದ್ದು ಅವು ಹೋದ ಮತ್ತೆ.

ಈ ಮದ್ದಿನ ಚರಿತ್ರೆ ಸುರು ಆದ್ದುದೇ ಒಬ್ಬ° ನಿಂದು ನೋಡಿದ್ದರಿಂದ. ಫ್ರಾನ್ಸಿಲಿ ಬೋರ್ಡೋ ಹೇಳ್ತ ಊರು, ಅಲ್ಲಿ ದ್ರಾಕ್ಷೆ ತೋಟಂಗೊ. ಮಾರ್ಗದ ಕರೆಲಿಪ್ಪ ಬಳ್ಳಿಗೊಕ್ಕೆ ಅಲ್ಯಾಣ ಕೃಷಿಕರು ಮೈಲುತುತ್ತುದೇ ಸುಣ್ಣವುದೇ ಕಲಸಿ ತಳಿಗು. ರೋಗಕ್ಕಲ್ಲ, ಕಳ್ಳಂಗೊಕ್ಕೆ! ನೀಲಿ ಬಣ್ಣ ಕಂಡರೆ ವಿಷ ಹೇಳಿ ದಾರಿಲಿ ಹೋಪವು ಮುಟ್ಟವು. 1882ರಲ್ಲಿ ಮಿಲಾರ್ಡೆ ಹೇಳ್ತ ಸಸ್ಯಶಾಸ್ತ್ರದ ಪ್ರೊಫೆಸರ್ ಆ ದಾರಿಲಿ ಹೋಪಗ ಒಂದು ಸಂಗತಿ ಕಂಡ°. ಒಳಾಣ ಬಳ್ಳಿಗಳ ಎಲೆ ಬೂಸರು ರೋಗಲ್ಲಿ ಉದುರಿದ್ದು, ಮಾರ್ಗದ ಕರೆಯಾಣದ್ದು ಮಾಂತ್ರ ಹಸುರಾಗಿ ಇದ್ದು. ಎಂತಕೆ ಹೇಳಿ ಕೇಳಿದ°. ಮತ್ತೆ ಪರೀಕ್ಷೆ ಮಾಡಿ ನೋಡಿ 1885ರಲ್ಲಿ ಲೋಕಕ್ಕೆ ತಿಳಿಶಿದ°. ಅದೇ ಬೋರ್ಡೋ ದ್ರಾವಣ.

ಅದು ಅಡಕ್ಕೆ ಮರ ಹತ್ತಿದ್ದು ಕೋಲ್ಮನ್ ಹೇಳ್ತ ವಿಜ್ಞಾನಿಯಿಂದಾಗಿ. ಕೆನಡಾದವ°. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ°. ಮಲೆನಾಡಿನ ತೋಟದವಕ್ಕೆ ಕೊಳೆರೋಗ ಹೊಸತ್ತಲ್ಲ. ಮಳೆ ಸುರು ಅಪ್ಪ ಮದಲೇ ಮರ ಹತ್ತಿ ಒಂದೊಂದು ಗೊನೆಗೂ ಕೊಟ್ಟೆ ಕಟ್ಟುವ ಕ್ರಮ ಅಲ್ಲಿ ಇದ್ದತ್ತು, ಗೊನೆಗೆ ಕೊಡೆ ಹಿಡುದ ಹಾಂಗೆ. ನೀರು ತಾಗದ್ದರೆ ಕೊಳೆ ಬಾರ ಹೇಳಿ ಅವಕ್ಕೆ ನೋಡಿಯೇ ಗೊಂತಿತ್ತು. ಅಪ್ಪು, ಆ ರೋಗದ ಬಿತ್ತು ನೀರಿಲಿ ಈಜಿಗೊಂಡು ಹೋಪಂಥಾದ್ದು. ಕೋಲ್ಮನ್ ರೋಗದ ಮೂಲ ಹುಡ್ಕಿ, ಬೋರ್ಡೋ ದ್ರಾವಣಲ್ಲಿ ಅದರ ತಡವಲೆ ಎಡಿಗು ಹೇಳಿ ತೋರ್ಸಿದ°. 1913ರಲ್ಲಿ ಕೃಷಿ ನಿರ್ದೇಶಕನೂ ಆದ°. ಎಂಗಳ ದಕ್ಷಿಣ ಕನ್ನಡ ಅಂಬಗ ಮದ್ರಾಸಿಂಗೆ ಸೇರಿದ್ದು. ವಿಟ್ಲಲ್ಲಿ ಅಡಕ್ಕೆ ಸಂಶೋಧನಾ ಕೇಂದ್ರ ಆದ್ದು 1956ರಲ್ಲಿ.

ಮದ್ದು ಮಾಡುವ ಕ್ರಮ ಸುಲಭವೇ. 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ, 100 ಲೀಟರ್ ನೀರು. ಪೀಶಕತ್ತಿಯ ಅದ್ದಿ ನೋಡಿರೆ ತಾಮ್ರದ ಬಣ್ಣ ಹಿಡಿವಲಾಗ. ಹಿಡುದರೆ ಇನ್ನೂ ರಜ ಸುಣ್ಣ ಬೇಕು. ಕಷ್ಟ ಇಪ್ಪದು ಏವಗ ಬಿಡುದು ಹೇಳುದರಲ್ಲಿ. ಬಿಟ್ಟದು ಒಣಗಿ ಅಂಟೆಕ್ಕಾರೆ ರಜ ಹೊತ್ತಾದರೂ ಬೆಶಿಲು ಬೇಕನ್ನೆ.

ಅದಕ್ಕೆ ಮಾವನ ಕೈಲಿ ಮಳೆನಕ್ಷತ್ರದ ಲೆಕ್ಕ ಇದ್ದತ್ತು. ಸೂರ್ಯ ಒಂದೊಂದು ನಕ್ಷತ್ರಲ್ಲಿ 13–14 ದಿನ ಇರ್ತ°. ಮೇ 25ರ ಹೊತ್ತಿಂಗೆ ರೋಹಿಣಿ, ಜೂನ್ 8ಕ್ಕೆ ಮೃಗಶಿರ, ಜೂನ್ 22ಕ್ಕೆ ಆರ್ದ್ರೆ, ಜುಲೈ 6ಕ್ಕೆ ಪುನರ್ವಸು, ಜುಲೈ 20ಕ್ಕೆ ಪುಷ್ಯ. ಪತ್ತನಾಜೆ ಕಳುದು ರೋಹಿಣಿಲಿ ಮದಲಾಣ ಮದ್ದು. 40–45 ದಿನ ಕಳುದು, ಪುನರ್ವಸುವಿಲಿ ಬೆಶಿಲು ಕಂಡ ಕೂಡ್ಲೆ ಎರಡ್ನೇದು. ನಕ್ಷತ್ರ ನೋಡಿ ಮಳೆ ಬಕ್ಕು ಹೇಳಿ ಅವು ನಂಬಿದ್ದವಿಲ್ಲೆ. 'ಪಂಚಾಂಗ ಏವಗ ನೋಡೆಕ್ಕು ಹೇಳುತ್ತು, ನೋಡೆಕ್ಕಾದ್ದು ನಾವೇ' ಹೇಳುಗು.

ಎಂಗೊ ಆ ವರ್ಷ ನೋಡಿದ್ದು ಮೊಬೈಲಿನ. ಅದರಲ್ಲಿ ವಾರ ಪೂರ್ತಿ ಮಳೆಯ ಚಿತ್ರ. ನೆಡುಕೆ ಎರಡು ದಿನ ಒಳ್ಳೆ ಬೆಶಿಲು ಬಂದು ಹೋತು. ಆನು ಆ ಬೆಶಿಲಿಲಿ ವಸ್ತ್ರ ಒಣಗುಸಿದ್ದೆ! ಮದ್ದು ಬಿಡುವ ಜೆನವ ದಿನಿಗೇಳೆಕ್ಕು ಹೇಳಿ ಎನಗೂ ಹೊಳದ್ದಿಲ್ಲೆ, ಎಂಗಳ ಇವಕ್ಕೂ ಹೊಳದ್ದಿಲ್ಲೆ. ಕಣ್ಣೆದುರಿಂಗೇ ಇದ್ದತ್ತು, ಕಂಡಿದಿಲ್ಲೆ.

ಮರುವರ್ಷಂದ ಮಾವನ ಪುಸ್ತಕವ ಆನು ತೆಕ್ಕೊಂಡೆ. ಪಿಯುಸಿ ಮುಗುಶಿದ ಮತ್ತೆ ಆನು ಪೆನ್ನು ಹಿಡುದ್ದು ಹಾಲಿನ ಲೆಕ್ಕಕ್ಕೆ ಮಾಂತ್ರ. ಈಗ ಹೊತ್ತೋಪಗ ಚಾಯ ಕುಡುದಿಕ್ಕಿ ಕಾಲು ಗಂಟೆ ಮಾವ° ಕೂದ ಜಾಗೆಲೇ ಕೂರ್ತೆ. ಸುರುವಿಂಗೆ ಪುರುಸೊತ್ತಿಲ್ಲೆ ಹೇಳಿ ಕಂಡತ್ತು. ಮತ್ತೆ ಮತ್ತೆ ಒಂದೊಂದೇ ಕಾಂಬಲೆ ಸುರು ಆತು. ಗಾಳಿ ತಿರುಗುದು, ಕೆಪ್ಪೆಗಳ ಸ್ವರ ಒಂದು ದಿನ ನಿಂಬದು, ಆಟಿಲಿ ಬಪ್ಪ ಆ ಎಳತ್ತು ಬೆಶಿಲು.

ಕಳುದ ಮಳೆಗಾಲಲ್ಲಿ ಒಂದು ದಿನ ಇವರ ಹತ್ತರೆ 'ನಾಳಂಗೆ ಜೆನ ದಿನಿಗೇಳಿ' ಹೇಳಿದೆ. ಮೊಬೈಲು ನೋಡಿ ಒಂದರಿ ನೆಗೆ ಮಾಡಿದವು, ಆದರೂ ದಿನಿಗೇಳಿದವು. ಮಜ್ಜಾನ ವರೆಗೆ ಬೆಶಿಲು ಇದ್ದತ್ತು, ಅರ್ಧ ತೋಟ ಆತು. ಒಳುದ್ದಕ್ಕೆ ಇನ್ನೂ ಐದು ದಿನ ಕಾದೆಯೊ°. ನಳ್ಳಿ ರಜ ಉದುರಿತ್ತು, ಮದಲಾಣ ಹಾಂಗೆ ಅಲ್ಲ.

ಮಾವನ ಪುಸ್ತಕಲ್ಲಿ ಮದ್ದು, ಮಳೆ, ಕೂಲಿ ಲೆಕ್ಕವೇ ಹೆಚ್ಚು. ಒಂದು ಪುಟಲ್ಲಿ ಮಾಂತ್ರ ಹೀಂಗೆ ಇದ್ದು: 'ಆರ್ದ್ರೆ, ನಾಲ್ಕನೇ ದಿನ. ಮಳೆ ಇಲ್ಲೆ. ಹೊತ್ತೋಪಗ ಆಕಾಶ ಪೂರ್ತಿ ಕೆಂಪು.' ಅದು ಯೇವ ಲೆಕ್ಕಕ್ಕೂ ಬೇಕಾದ್ದಲ್ಲ. ಆದರೂ ಬರದು ಮಡುಗಿದ್ದವು. ಆನು ಆ ಪುಟವ ಆಗಾಗ ತೆಗದು ನೋಡ್ತೆ.