ಮಳೆಗಾಲ ಮತ್ತು ಡ್ರೋನ್ ಕ್ಯಾಮೆರಾ

ಮುಂಡರಗಿ ತಾಲ್ಲೂಕಿನ ಹಮ್ಮಿಗಿ ಬ್ಯಾರೇಜಿನ ಗೇಟುಗಳಿಂದ ತುಂಗಭದ್ರೆ ಧುಮ್ಮಿಕ್ಕುವ ನೋಟ ಆಕಾಶದಿಂದ ಬಲು ಸೊಗಸು. ಡ್ರೋನ್ ಕ್ಯಾಮೆರಾಗಳಿಗೆ ಗಂಡಾಂತರದ ಕಾಲವೂ ಅದೇ.

ಮದುವೆ, ಜಾತ್ರೆಗಳ ಚಿತ್ರೀಕರಣಕ್ಕೆ ಬಳಸುವ ಡ್ರೋನುಗಳಲ್ಲಿ ಬಹುತೇಕವು ಜಲನಿರೋಧಕವಲ್ಲ. ಮೋಟಾರುಗಳು ನಾಲ್ಕು ಹನಿ ತಾಳಿಯಾವು. ಆದರೆ ಶಾಖ ಹೊರಹೋಗಲು ಬಿಟ್ಟ ಕಿಂಡಿಗಳಿಂದ ನೀರು ಒಳಸೇರಿ ಎಲೆಕ್ಟ್ರಾನಿಕ್ ಭಾಗಗಳನ್ನು ತಲುಪಿದರೆ ಯಂತ್ರ ನೆಲಕಚ್ಚುವುದು. ಐಪಿ 55 ದರ್ಜೆಯ ಡಿಜೆಐ ಮ್ಯಾಟ್ರಿಸ್ 30ರಂಥವು ಮಳೆಯನ್ನು ತಡೆದುಕೊಳ್ಳುತ್ತವೆ; ಅವುಗಳ ಬೆಲೆ ಮಾತ್ರ ಸಾಮಾನ್ಯ ಛಾಯಾಗ್ರಾಹಕನ ಕೈಗೆಟುಕದು.

ಮಳೆ ನಿಂತ ಮೇಲೂ ಹೊಳೆಯ ಮೇಲೆ ಇನ್ನೊಂದು ತೊಡಕುಂಟು. ಡ್ರೋನಿನ ತಳದ ಸಂವೇದಕಗಳು ಕೆಳಗಿನ ನೆಲದ ಗುರುತು ಹಿಡಿದು ಅದನ್ನು ಸ್ಥಿರವಾಗಿ ನಿಲ್ಲಿಸುತ್ತವೆ. ಹರಿಯುವ ನೀರಿನ ಮೇಲೆ ತೀರ ಕೆಳಗೆ ಹಾರಿಸಿದಾಗ ಅವು ಎತ್ತರವನ್ನು ತಪ್ಪಾಗಿ ಅಳೆಯಬಹುದು. ಡ್ರೋನ್ ಪ್ರವಾಹದೊಡನೆ ಜಾರಿ ಸರಿಯುವುದೂ ಉಂಟು. ಹೀಗೆ ಬಿದ್ದುದನ್ನು ಹುಡುಕಲು ಹೊಳೆಗಿಳಿಯುವುದಂತೂ ಶುದ್ಧ ಹುಚ್ಚುತನ. ಮೇಲ್ಭಾಗದ ತುಂಗಾ, ಭದ್ರಾ ಜಲಾಶಯಗಳಿಂದ ನೀರು ಬಿಟ್ಟಾಗ ಹಮ್ಮಿಗಿಯಲ್ಲಿ ಬಿಸಿಲಿದ್ದರೂ ನೀರಿನ ಮಟ್ಟ ಏರುತ್ತದೆ.

ಡ್ರೋನ್ ತೊಯ್ದರೆ ಮೊದಲು ಬ್ಯಾಟರಿಯನ್ನು ಕಳಚಬೇಕು. ಒಳಗೆ ನೀರು ಹೊಕ್ಕ ಲಿಥಿಯಂ ಬ್ಯಾಟರಿ ಬೆಂಕಿ ಹೊತ್ತಿಕೊಳ್ಳಬಹುದಾದ್ದರಿಂದ, ಹೊರಗೆ ಒಣಗಿದಂತೆ ಕಂಡರೂ ಅದನ್ನು ಮರಳಿ ಚಾರ್ಜಿಗೆ ಹಾಕಬಾರದು.